ಪ್ರಚಾರವಾಣಿಯೂ ಶ್ರೋತೃವಿವೇಕವೂ



ಮನುಷ್ಯನನ್ನು ಒಂದು ಕೆಲಸಕ್ಕೆ ಹಚ್ಚುವ ಬಗೆಗಳು ಮೂರು. ಬಲದಿಂದ ಹಚ್ಚಬಹುದು, ಕಾರಣವನ್ನು ತಿಳಿಸಿ ಹಚ್ಚಬಹುದು, ಇವೆರಡೂ ಅಲ್ಲದೆ, ಆ ಕೆಲಸದ ಇಚ್ಛೆಯು ತನ್ನಲ್ಲಿಯೇ ಹುಟ್ಟಿತೆಂದು ಅವನು ಭಾವಿಸುವಂತೆ ಮಾಡಿಯೂ ಹಚ್ಚಬಹುದು. ಮೊದಲನೆಯದರಲ್ಲಿ ಅವನಿಗೆ ತನ್ನ ಪರಾಧೀನತೆಯು ಗೊತ್ತಿರುತ್ತದೆ. ಎರಡನೆಯದರಲ್ಲಿ ಒಪ್ಪುವ ಅಥವಾ ಬಿಡುವ ಸ್ವಾತಂತ್ರ್ಯವು ಅವನ ಕೈಯಲ್ಲಿರುತ್ತದೆ. ಮೂರನೆಯದರಲ್ಲಿ ಸ್ವಾತಂತ್ರ್ಯವು ಹೋಗಿರುತ್ತದೆ, ಹೋದದ್ದು ಮಾತ್ರ ಅವನಿಗೆ ಗೊತ್ತಿರುವದಿಲ್ಲ. ಈ ಮೂರನೆಯ ಬಗೆಗೆ ಈಗಿನ ಕಾಲದಲ್ಲಿ ಪ್ರಚಾರವೆಂಬ ಹೆಸರು ಬಂದಿರುತ್ತದೆ. ಐರೋಪ್ಯ ಭಾಷೆಗಳಲ್ಲಿ ಇದಕ್ಕಿರುವ ‘ಪ್ರೊಪಗಾಂಡಾ’ ಎಂಬ ಶಬ್ದವು, 1622ರಲ್ಲಿ ರೋಮಿನ ಧರ್ಮಗುರುಗಳಾದ ಹದಿನೈದನೆಯ ಗ್ರೆಗರಿಯವರು ಮತಪ್ರಸಾರಕ್ಕಾಗಿ ಸ್ಥಾಪಿಸಿದ ಮಂಡಲಿಯ ಹೆಸರಿನಿಂದ ಬಂದದ್ದು. ಅಂದು ಅದರಲ್ಲಿ ದೂಷಣೆಯ ಅರ್ಥವಿರಲಿಲ್ಲ. ಆ ಶಬ್ದಕ್ಕೆ ಈಗಿರುವ ಕಳಂಕವನ್ನು ಬಹುಮಟ್ಟಿಗೆ ಹಚ್ಚಿದ್ದು 1914ರಿಂದ 1918ರ ವರೆಗೆ ನಡೆದ ಮಹಾಯುದ್ಧವು.

ಈ ವಿಷಯವನ್ನು ವಿಚಾರಿಸುವದಕ್ಕೆ ಮಲಪ್ರಭೆಯ ದಂಡೆಯ ಸಂಗೊಳ್ಳಿಗಿಂತ ತಕ್ಕ ಸ್ಥಳವು ಬೇರೆ ಬೇಕಾಗಿಲ್ಲ. 1824ರ ಸೆಪ್ಟೆಂಬರದಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ದತ್ತು ತೆಗೆದುಕೊಂಡ ಮಗನ ಹಕ್ಕನ್ನು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮನ್ನಿಸಲಿಲ್ಲ. ಬೊಕ್ಕಸಕ್ಕೆ ಮುದ್ರೆ ಹಾಕಿಸಿ ಕಾವಲಿರಿಸಿದನು. ಅಕ್ಟೋಬರ 23ರ ಕಾಳಗದಲ್ಲಿ ಥ್ಯಾಕರೆಯು ಬಿದ್ದನು. ಡಿಸೆಂಬರದಲ್ಲಿ ಕೋಟೆಯು ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ಕಾಲವಾದರು. ಅನಂತರ ಸಂಗೊಳ್ಳಿಯ ರಾಯಣ್ಣನು ಅದೇ ದತ್ತಕನ ಹೆಸರಿನಲ್ಲಿ ಜನವನ್ನು ಕೂಡಿಸಿ ಕಾದಿದನು. 1830ರಲ್ಲಿ ಸೆರೆಸಿಕ್ಕು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟನು.

ಸರಕಾರದ ಬರಹಗಳಲ್ಲಿ ಇದೆಲ್ಲಕ್ಕೂ ‘ದಂಗೆ’ ಎಂಬ ಒಂದೇ ಹೆಸರು. ಆ ಶಬ್ದವನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕು. ಹಕ್ಕುಳ್ಳ ಒಡೆಯನ ಮೇಲೆ ಹಕ್ಕಿಲ್ಲದವನು ಏಳುವದಕ್ಕೆ ದಂಗೆಯೆನ್ನುವರು. ಕಿತ್ತೂರಿನಲ್ಲಿ ಒಡೆತನವು ಯಾರದು ಎಂಬದೇ ವಿವಾದವಾಗಿತ್ತು. ವಿವಾದವು ತೀರುವ ಮೊದಲೇ ತೀರ್ಪನ್ನು ಆ ಶಬ್ದವು ಕೊಟ್ಟುಬಿಟ್ಟಿತು. ಸಿದ್ಧಪಡಿಸಬೇಕಾದ ಮಾತನ್ನೇ ಸಿದ್ಧವಾದ ಕಾರಣವೆಂದು ಮುಂದಿಡುವದಕ್ಕೆ ತರ್ಕಶಾಸ್ತ್ರದಲ್ಲಿ ‘ಸಾಧ್ಯಸಮ’ವೆಂಬ ಹೇತ್ವಾಭಾಸದ ಹೆಸರುಂಟು. ವಾದಸಭೆಯಲ್ಲಿ ಅದು ಸೋಲಿಗೆ ಕಾರಣ. ಪ್ರಚಾರದಲ್ಲಿ ಅದು ಗೆಲುವಿನ ಮೊದಲ ಮೆಟ್ಟಿಲು.

ಆದರೆ ಈ ನಾಡಿನಲ್ಲಿ ಎರಡನೆಯದೊಂದು ದನಿಯೂ ಇತ್ತು. ಕಚೇರಿಯು ದಂಗೆಯೆಂದು ಬರೆದುಕೊಂಡದ್ದನ್ನು ಲಾವಣಿಕಾರರು ವೀರಚರಿತೆಯನ್ನಾಗಿ ಹಾಡಿಕೊಂಡು ಊರೂರು ತಿರುಗಿದರು. ಅದೇ ಸರಕಾರದ ಅಧಿಕಾರಿಯೂ ಶಾಸನಸಂಶೋಧಕನೂ ಆದ ಫ್ಲೀಟನು 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ಕೂಡಿಸಿ ಅಚ್ಚು ಮಾಡಿಸಿದಾಗ ರಾಯಣ್ಣನ ಲಾವಣಿಯೂ ಅವುಗಳಲ್ಲಿ ಸೇರಿತು. ಇಂದು ರಾಜಧಾನಿಯ ಮುಖ್ಯ ರೇಲ್ವೆ ನಿಲ್ದಾಣವೇ ಆತನ ಹೆಸರನ್ನು ಹೊತ್ತಿರುತ್ತದೆ. ಮನುಷ್ಯನೊಬ್ಬನೇ, ಕೃತ್ಯವೊಂದೇ, ಹೆಸರುಗಳು ಮಾತ್ರ ಎರಡು. ಆದರೂ ನ್ಯಾಯವನ್ನು ಹೇಳುವದಾದರೆ, ಲಾವಣಿಯೂ ಕೇಳುವವರ ಮನಸ್ಸನ್ನು ಒಂದು ಕಡೆಗೆ ಒಲಿಸುವ ಮಾತೇ ಸರಿ. ನಮ್ಮವರ ಹಾಡೆಂಬ ಮಾತ್ರಕ್ಕೆ ಅದನ್ನು ಪರೀಕ್ಷೆಯಿಂದ ಬಿಡತಕ್ಕದ್ದಲ್ಲ. ಪರೀಕ್ಷಿಸಿದ ಮೇಲೆಯೂ ರಾಯಣ್ಣನ ಹೆಸರು ಉಳಿಯುತ್ತದೆಂಬದೇ ಆ ಹೆಸರಿನ ಹಿರಿಮೆಯು.

ಈಗ ಮೂಲತತ್ತ್ವಕ್ಕೆ ಬರೋಣ. ಮೀಮಾಂಸಾಶಾಸ್ತ್ರದಲ್ಲಿ ವಿಧಿವಾಕ್ಯ, ಅರ್ಥವಾದವಾಕ್ಯ ಎಂಬ ಭೇದವಿರುವದನ್ನು ಪಾಠಶಾಲೆಯ ವಿದ್ಯಾರ್ಥಿಗಳು ಬಲ್ಲರು. ‘ಇದನ್ನು ಮಾಡು’ ಎಂಬದು ವಿಧಿ. ವಿಧಿಸಿದ್ದನ್ನು ಹೊಗಳುವ, ನಿಷೇಧಿಸಿದ್ದನ್ನು ತೆಗಳುವ ಮಾತು ಅರ್ಥವಾದ. ವಾಯುವು ಅತಿ ವೇಗವುಳ್ಳ ದೇವತೆಯೆಂದು ಸ್ತುತಿಸಿದಲ್ಲಿ, ವೇಗವನ್ನು ತಿಳಿಸುವದು ಆ ಮಾತಿನ ತಾತ್ಪರ್ಯವಲ್ಲ. ವಾಯುವಿಗೆ ಸಂಬಂಧಿಸಿದ ಕರ್ಮದಲ್ಲಿ ಕೇಳುವವನನ್ನು ತೊಡಗಿಸುವದೇ ತಾತ್ಪರ್ಯ. ಪ್ರಚಾರವೂ ಹೀಗೆಯೇ. ಭೇದವಿಷ್ಟೇ: ಶಾಸ್ತ್ರದಲ್ಲಿ ವಿಧಿಯು ಬಹಿರಂಗವಾಗಿರುತ್ತದೆ, ಪ್ರಚಾರದಲ್ಲಿ ಹೊಗಳಿಕೆ ತೆಗಳಿಕೆಗಳಷ್ಟೇ ಮುಂದಿದ್ದು, ವಿಧಿಯು ತೆರೆಯ ಹಿಂದೆ ನಿಂತಿರುತ್ತದೆ. ಆದಕಾರಣ ಸ್ತುತಿನಿಂದೆಗಳು ಅಬ್ಬರದಿಂದ ಕೇಳಿಬಂದಾಗಲೆಲ್ಲ ‘ಇದರ ಹಿಂದಿನ ವಿಧಿಯು ಯಾವದು? ಇದನ್ನು ಕೇಳಿ ಜನರು ಏನು ಮಾಡಬೇಕೆಂಬದು ಹೇಳುವವನ ಇಚ್ಛೆ?’ ಎಂದು ಕೇಳಿಕೊಳ್ಳತಕ್ಕದ್ದು. ಇಂದಿನ ಉಪನ್ಯಾಸದ ಸಾರವೆಲ್ಲ ಈ ಪ್ರಶ್ನೆಯಲ್ಲಿದೆ.

ಅಮೇರಿಕೆಯ ನ್ಯೂಯಾರ್ಕಿನಲ್ಲಿ 1937ರಲ್ಲಿ ಸ್ಥಾಪಿತವಾದ ಪ್ರಚಾರವಿಶ್ಲೇಷಣ ಸಂಸ್ಥೆಯೊಂದು ಈ ಕಲೆಯ ಉಪಾಯಗಳನ್ನು ಏಳೆಂದು ಎಣಿಸಿತು. ಕೆಟ್ಟ ಹೆಸರನ್ನಿಡುವದು ಒಂದು. ಅದರ ಉದಾಹರಣೆಯು ಕಿತ್ತೂರಿನ ವೃತ್ತಾಂತದಲ್ಲಿಯೇ ಬಂದಿತು. ಯಾರೂ ಅಲ್ಲವೆನ್ನದ ಹೊಳೆಯುವ ಶಬ್ದಗಳನ್ನು ಬಳಸುವದು ಎರಡು. ಪೂಜ್ಯವಾದ ವಸ್ತುವಿನ ಗೌರವವನ್ನು ತನ್ನ ಮೈಮೇಲೆ ಎಳೆದುಕೊಳ್ಳುವದು ಮೂರು. ಪ್ರಸಿದ್ಧನಾದವನೊಬ್ಬನನ್ನು ಸಾಕ್ಷಿಗೆ ನಿಲ್ಲಿಸುವದು ನಾಲ್ಕು. ‘ನಾನೂ ನಿಮ್ಮಂಥ ಬಡ ಒಕ್ಕಲಿಗನೇ’ ಎಂದು ವೇಷ ಹಾಕುವದು ಐದು. ಅನುಕೂಲವಾದದ್ದನ್ನೆಲ್ಲ ತೋರಿಸಿ ಪ್ರತಿಕೂಲವಾದದ್ದನ್ನು ಬಚ್ಚಿಡುವದು ಆರು. ಎಲ್ಲರೂ ಹೊರಟಿರುವರು, ನೀನೊಬ್ಬನೇ ಏಕೆ ಉಳಿದೆ ಎನ್ನುವದು ಏಳು. ಕೊನೆಯದಕ್ಕೆ ಹಿಂದಿನವರು ಗಡ್ಡರಿಕಾಪ್ರವಾಹನ್ಯಾಯವೆಂದು ಹೆಸರಿಟ್ಟಿದ್ದರು: ಮುಂದಿನ ಕುರಿಯು ಹಳ್ಳಕ್ಕೆ ಬಿದ್ದರೆ ಮಂದೆಯೆಲ್ಲವೂ ಬೀಳುವದು. ಇವೆಲ್ಲಕ್ಕೂ ಬೆನ್ನೆಲುಬಾದದ್ದು ಪುನರುಕ್ತಿ. ಹೆಗಲ ಮೇಲೆ ಆಡನ್ನು ಹೊತ್ತು ಹೊರಟ ಬ್ರಾಹ್ಮಣನಿಗೆ ಧೂರ್ತರು ಒಬ್ಬೊಬ್ಬರಾಗಿ ಎದುರಾಗಿ ‘ನಾಯಿಯನ್ನೇಕೆ ಹೊತ್ತೆ?’ ಎಂದು ಕೇಳಿದ ಪಂಚತಂತ್ರದ ಕಥೆಯನ್ನು ಎಲ್ಲರೂ ಕೇಳಿರುವರು. ಅವನು ಕಡೆಗೆ ಆಡನ್ನು ಇಳಿಸಿದ್ದು ಕಣ್ಣು ಕೆಟ್ಟದ್ದರಿಂದಲ್ಲ. ಬೇರೆ ಬೇರೆಯಾಗಿ ಬಂದವರು ಬೇರೆ ಬೇರೆ ಸಾಕ್ಷಿಗಳೆಂದು ನಂಬಿದ್ದರಿಂದ. ಅವರೆಲ್ಲರ ಹಿಂದೆ ಮಸಲತ್ತು ಒಂದೇ ಎಂಬದನ್ನು ವಿಚಾರಿಸದೆ ಇದ್ದದ್ದರಿಂದ.

ಈ ಉಪಾಯಗಳು ಯುದ್ಧದಲ್ಲಿ ಹೇಗೆ ನಡೆಯುತ್ತವೆಂಬದನ್ನು ಮೊದಲು ನೋಡೋಣ. ಆ ಮಹಾಯುದ್ಧದಲ್ಲಿ ಹಿಂದುಸ್ಥಾನದಿಂದ ಸುಮಾರು 13 ಲಕ್ಷ ಜನರು ಹೊರದೇಶಗಳಿಗೆ ಹೋದರು. 1917ರಲ್ಲಿ ಸರಕಾರವು ಈ ದೇಶದ ಜನರಿಂದ ಯುದ್ಧಸಾಲವನ್ನೂ ಎತ್ತಿತು. ಅದೇ ವರ್ಷ, ಜರ್ಮನರು ತಮ್ಮ ಸತ್ತ ಸೈನಿಕರ ಹೆಣಗಳನ್ನು ಕುದಿಸಿ ಕೊಬ್ಬನ್ನು ತೆಗೆಯುವರೆಂಬ ಸುದ್ದಿಯನ್ನು ಲಂಡನ್ನಿನ ಪತ್ರಿಕೆಗಳು ಪ್ರಕಟಿಸಿದವು. ಪಶುಗಳ ಹೆಣಕ್ಕೆ ಸಲ್ಲುವ ಜರ್ಮನ ಶಬ್ದವೊಂದನ್ನು ಮನುಷ್ಯರ ಹೆಣಕ್ಕೆ ಅನ್ವಯಿಸಿದ್ದರಿಂದ ಆ ಸುದ್ದಿಗೆ ಬಲ ಬಂದಿತು. ನಿಂದೆಯು ಹಗೆಯದು, ವಿಧಿಯು ಮಾತ್ರ ‘ಸೈನ್ಯಕ್ಕೆ ಸೇರು, ಹಣವನ್ನು ಕೊಡು’ ಎಂದು ತಮ್ಮ ಜನರಿಗೆ. ಸುದ್ದಿಯು ಸುಳ್ಳೆಂಬದನ್ನು 1925ರಲ್ಲಿ ಇಂಗ್ಲೆಂಡಿನ ವಿದೇಶಮಂತ್ರಿಯು ಪಾರ್ಲಿಮೆಂಟಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಅದರ ಫಲವು ಅಲ್ಲಿಗೇ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಾಜಿ ಸರಕಾರವು ಯಹೂದಿಗಳನ್ನು ಲಕ್ಷಗಟ್ಟಲೆಯಾಗಿ ಕೊಲ್ಲುತ್ತಿದ್ದ ನಿಜವಾದ ಸುದ್ದಿಯು ಹೊರಗೆ ಬಂದಾಗ, ಹಳೆಯ ಸುಳ್ಳನ್ನು ನೆನೆದು ಹಲವರು ಅದನ್ನೂ ನಂಬಲಿಲ್ಲ. ಸುಳ್ಳು ಪ್ರಚಾರವು ಇಂದಿನ ಜನರನ್ನು ಮೋಸಗೊಳಿಸಿದ್ದಲ್ಲದೆ, ನಾಳಿನ ಸತ್ಯದ ಬಾಯನ್ನೂ ಕಟ್ಟುತ್ತದೆ.

ರಾಜಕಾರಣದಲ್ಲಿ ಹೊಳೆಯುವ ಶಬ್ದಗಳಿಗೂ ಎಳೆದುಕೊಂಡ ಗೌರವಕ್ಕೂ ಬಲ ಹೆಚ್ಚು. ಬಡತನವನ್ನು ಹೊಡೆದಟ್ಟುವೆವೆಂಬ ಘೋಷಣೆಯು 1971ರ ಚುನಾವಣೆಯಲ್ಲಿ ದೇಶವನ್ನೆಲ್ಲ ತುಂಬಿತು. ಬಡತನವು ಇರಲೆನ್ನುವವನು ಯಾರು? ಎಲ್ಲರೂ ಒಪ್ಪುವ ಮಾತಿನ ನೆರಳಿನಲ್ಲಿ, ಯಾವ ಕ್ರಮದಿಂದ, ಎಷ್ಟು ಕಾಲದಲ್ಲಿ, ಯಾರ ವೆಚ್ಚದಿಂದ ಎಂಬ ಪ್ರಶ್ನೆಗಳು ಮರೆಯಾಗುತ್ತವೆ. ಇನ್ನು ಚೆನ್ನಮ್ಮ ರಾಯಣ್ಣರ ಮೂರ್ತಿಗಳಿಗೆ ಮಾಲೆ ಹಾಕದ ಪಕ್ಷವು ಈ ಭಾಗದಲ್ಲಿ ಯಾವದಿದೆ? ಮಾಲೆಯನ್ನು ಹಾಕುವದು ತಪ್ಪಲ್ಲ. ಆದರೆ ಹಾರವು ಮೂರ್ತಿಯ ಕೊರಳಿಗೆ ಬಿದ್ದು ಗೌರವವು ಹಾಕಿದವನ ಕೊರಳಿಗೆ ಬರುವದನ್ನು ನೋಡುವವರು ಮರೆಯಬಾರದು. ರಾಯಣ್ಣನ ಶೌರ್ಯವು ರಾಯಣ್ಣನದು. ಮತವನ್ನು ಬೇಡುವವನು ತನ್ನ ಕೆಲಸದ ಲೆಕ್ಕವನ್ನು ಬೇರೆಯಾಗಿಯೇ ಒಪ್ಪಿಸಬೇಕು.

ವ್ಯಾಪಾರದ ಜಾಹೀರಾತಿನಲ್ಲಿ ವಿಧಿಯು ‘ಕೊಳ್ಳು’ ಎಂಬದೊಂದೇ. ಆದರೂ ಅದು ಎಷ್ಟೋ ವೇಷಗಳಲ್ಲಿ ಬರುತ್ತದೆ. ಅಮೇರಿಕೆಯಲ್ಲಿ ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವದು ಒಂದು ಕಾಲಕ್ಕೆ ನಾಚಿಕೆಗೇಡಾಗಿತ್ತು. 1929ರಲ್ಲಿ ತಂಬಾಕಿನ ಕಂಪನಿಯೊಂದರಿಂದ ಸಂಬಳ ಪಡೆಯುತ್ತಿದ್ದ ಬರ್ನೇಸ್ ಎಂಬ ಪ್ರಚಾರನಿಪುಣನು, ನ್ಯೂಯಾರ್ಕಿನ ಈಸ್ಟರ್ ಹಬ್ಬದ ಮೆರವಣಿಗೆಯಲ್ಲಿ ತರುಣಿಯರು ಸಿಗರೇಟು ಸೇದುತ್ತ ನಡೆಯುವ ಏರ್ಪಾಡು ಮಾಡಿ, ಅವು ಸ್ವಾತಂತ್ರ್ಯದ ಪಂಜುಗಳೆಂದು ಸಾರಿಸಿದನು. ಹೊಗೆಯನ್ನು ಮಾರಿದ್ದು ಸ್ವಾತಂತ್ರ್ಯದ ಹೆಸರಿನಲ್ಲಿ. ಈ ದೇಶದಲ್ಲಿಯೂ ಸರ್ವರೋಗಗಳನ್ನು ಕಳೆಯುವೆವೆಂಬ ಔಷಧಿಗಳ ಹಾಗೂ ತಾಯಿತಗಳ ಜಾಹೀರಾತುಗಳು ಮಿತಿಮೀರಿದ್ದರಿಂದಲೇ 1954ರಲ್ಲಿ ಅವುಗಳನ್ನು ತಡೆಯುವ ಕಾಯಿದೆಯು ಹುಟ್ಟಿತು. 2019ರ ಗ್ರಾಹಕಸಂರಕ್ಷಣೆಯ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಗಳ ವರೆಗೂ, ಮರುಕಳಿಸಿದರೆ 50 ಲಕ್ಷದ ವರೆಗೂ ದಂಡವನ್ನು ವಿಧಿಸಿರುತ್ತದೆ. ಕಾಯಿದೆಯು ಹೇಳುವವನನ್ನು ದಂಡಿಸಬಲ್ಲದು. ಕೇಳುವವನಿಗೆ ಬುದ್ಧಿಯನ್ನು ಕೊಡಲಾರದು.

ಹಿಂದೆ ಪ್ರಚಾರಕ್ಕೆ ಸರಕಾರವೋ ಪತ್ರಿಕೆಯೋ ಹಣವುಳ್ಳ ಕಂಪನಿಯೋ ಬೇಕಾಗುತ್ತಿತ್ತು. ಈಗ ಅಂಗೈಯಲ್ಲಿರುವ ಮೊಬೈಲೊಂದೇ ಸಾಕು. 2018ರಲ್ಲಿ ಮಕ್ಕಳನ್ನು ಕದಿಯುವವರು ಬಂದಿರುವರೆಂಬ ಸುದ್ದಿಯು ವಾಟ್ಸಾಪಿನಲ್ಲಿ ನಾಡೆಲ್ಲ ಹಬ್ಬಿತು. ಆ ವರ್ಷದ ಜುಲೈ 13ರಂದು ಬೀದರ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಕೆಲವು ಜನ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟರಿಂದಲೇ ಅವರಿಗೆ ‘ಮಕ್ಕಳ ಕಳ್ಳರು’ ಎಂಬ ಹೆಸರು ಬಿದ್ದಿತು. ಅವರ ಚಿತ್ರವು ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ಅಡ್ಡಗಟ್ಟಿ ಹೊಡೆದರು. ತರುಣನೊಬ್ಬನು ಪ್ರಾಣವನ್ನು ಬಿಟ್ಟನು. ಹೊಡೆದವರು ಹಣಕ್ಕಾಗಿ ಕೊಲ್ಲುವವರಾಗಿರಲಿಲ್ಲ. ಮಕ್ಕಳ ಮೇಲಣ ಅಕ್ಕರೆಯೇ ಅಲ್ಲಿ ಕಲ್ಲಾಯಿತು, ಬಡಿಗೆಯಾಯಿತು. ಹೆಸರು, ಪುನರುಕ್ತಿ, ಜನಪ್ರವಾಹ ಇವು ಮೂರೂ ಕೂಡಿ ಕೆಲವೇ ಹೊತ್ತಿನಲ್ಲಿ ಮಾಡಿದ ಕೆಲಸವಿದು. ಆ ತಿಂಗಳಲ್ಲಿಯೇ ವಾಟ್ಸಾಪಿನವರು, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಲಾಗದಂತೆ ಈ ದೇಶದಲ್ಲಿ ಕಟ್ಟುಮಾಡಿದರು. ಆದರೆ ಐದು ಕಡೆಗೆ ದಾಟಿಸಿದ ಸುಳ್ಳೂ ಸುಳ್ಳೇ. ಪ್ರಚಾರಕ್ಕೆ ಕಿವಿಗೊಡುವವನು ಕೇವಲ ಮೋಸಹೋಗುವನೆಂದು ತಿಳಿಯಬಾರದು; ಅವನು ಕೊಲೆಗಾರನೂ ಆಗಬಲ್ಲನು.

ಹಾಗಾದರೆ ಎಲ್ಲವನ್ನೂ ಅವಿಶ್ವಾಸದಿಂದ ನೋಡಬೇಕೇ? ಕೂಡದು. ಯಾರನ್ನೂ ನಂಬದವನು ವೈದ್ಯನನ್ನೂ ನಂಬನು. ಮನೆಮನೆಗೆ ಬಂದು, ಹಾಡು ಕಟ್ಟಿ, ಗೋಡೆಗೆ ಬರೆದು, ಪ್ರಸಿದ್ಧ ನಟರಿಂದ ಹೇಳಿಸಿ ಮಕ್ಕಳಿಗೆ ಪೋಲಿಯೋ ಹನಿಗಳನ್ನು ಹಾಕಿಸಿದ್ದೂ ಪ್ರಚಾರವೇ. 2014ರಲ್ಲಿ ಭಾರತವು ಆ ರೋಗದಿಂದ ಮುಕ್ತವೆಂದು ಘೋಷಿಸಲ್ಪಟ್ಟಿತು. ಅಲ್ಲಿ ವಿಧಿಯು ಬಹಿರಂಗವಾಗಿತ್ತು, ಪ್ರಶ್ನಿಸಿದವನಿಗೆ ಉತ್ತರವಿತ್ತು, ಫಲವು ಕೇಳಿದವನ ಮಗುವಿಗೇ ದೊರೆಯುತ್ತಿತ್ತು. ಪ್ರಶ್ನೆಯನ್ನು ಸಹಿಸುವದೇ ಒಳ್ಳೆಯ ಪ್ರಚಾರದ ಲಕ್ಷಣವು. ಪ್ರಶ್ನಿಸಿದವನನ್ನೇ ದ್ರೋಹಿಯೆನ್ನುವದು ಕೆಟ್ಟದ್ದರ ಲಕ್ಷಣವು.

ಇದಕ್ಕೆ ಪರಿಹಾರವನ್ನು ಹೊರನಾಡುಗಳಲ್ಲಿ ಹುಡುಕಬೇಕಾಗಿಲ್ಲ. ಈ ಸೀಮೆಯ ಗೀಗೀ ಮೇಳಗಳಲ್ಲಿ ಹರದೇಶಿ ನಾಗೇಶಿ ಎಂಬ ಎರಡು ಪಕ್ಷಗಳುಂಟು. ಒಂದು ಮೇಳವು ಗಂಡನ್ನು ಹೆಚ್ಚೆಂದು ಹಾಡಿದರೆ ಎದುರು ಮೇಳವು ಹೆಣ್ಣನ್ನು ಹೆಚ್ಚೆಂದು ಹಾಡಿ ಸವಾಲು ಹಾಕುತ್ತದೆ. ಕೇಳುವವರು ರಾತ್ರಿಯೆಲ್ಲ ಕುಳಿತು ಎರಡನ್ನೂ ಕೇಳುತ್ತಾರೆ. ಶಾಸ್ತ್ರಗ್ರಂಥಗಳಲ್ಲಿಯೂ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಿದ ಹೊರತು ಸಿದ್ಧಾಂತವನ್ನು ಹೇಳುವ ವಾಡಿಕೆಯಿಲ್ಲ. ಓದು ಬಾರದ ಹಳ್ಳಿಗನಿಗೂ ಶಾಸ್ತ್ರವನ್ನು ಓದಿದ ಪಂಡಿತನಿಗೂ ಈ ನೆಲವು ಕಲಿಸಿದ ಪಾಠವೊಂದೇ. ಎದುರು ಮೇಳವಿಲ್ಲದ ಹಾಡು ಎಷ್ಟು ಇಂಪಾಗಿದ್ದರೂ ಬೆಳಗಿನ ತೀರ್ಪಿಗೆ ಸಾಲದು. 1933ರಿಂದಾಚೆಗೆ ಜರ್ಮನಿಯಲ್ಲಿ ಪ್ರಚಾರಕ್ಕೆಂದೇ ಮಂತ್ರಿಖಾತೆಯೊಂದನ್ನು ನಿರ್ಮಿಸಿ, ಅಗ್ಗದ ರೇಡಿಯೋಗಳನ್ನು ಮನೆಮನೆಗೆ ಮುಟ್ಟಿಸಿ, ಎದುರು ಮೇಳದ ಬಾಯನ್ನೆಲ್ಲ ಮುಚ್ಚಿಸಿದರು. ಉಳಿದ ಒಂದೇ ಹಾಡನ್ನು ಕೇಳುತ್ತ ವಿದ್ಯಾವಂತರಾದ ಜನರೇ ನಾಶದ ಕಡೆಗೆ ನಡೆದರು.

ಆದಕಾರಣ ಒಂದು ಮಾತು ಕಿವಿಗೆ ಬಿದ್ದೊಡನೆ ಮೂರನ್ನು ವಿಚಾರಿಸತಕ್ಕದ್ದು. ಹೇಳುವವನು ಆಪ್ತನೋ, ಅಂದರೆ ಇದ್ದದ್ದನ್ನು ಇದ್ದಂತೆ ಬಲ್ಲವನೂ ಬಲ್ಲಂತೆ ನುಡಿಯುವವನೂ ಆಗಿರುವನೋ? ಎದುರು ಪಕ್ಷದವರ ಮಾತನ್ನು ಅವರ ಬಾಯಿಂದಲೇ ಕೇಳಿದ್ದುಂಟೋ? ಈ ಸ್ತುತಿನಿಂದೆಗಳ ಹಿಂದಿರುವ ವಿಧಿಯು ಯಾವದು, ಅದರ ಫಲವು ಯಾರಿಗೆ? ಈ ಮೂರಕ್ಕೆ ಉತ್ತರವು ದೊರೆಯುವ ವರೆಗೆ ಕೈಯನ್ನು ತಡೆಯಬೇಕು, ಬೆರಳನ್ನೂ ತಡೆಯಬೇಕು. ಮುರ್ಕಿಯಲ್ಲಿ ಗುಂಪಿನೊಳಗೆ ಒಬ್ಬನಾದರೂ ‘ನಿಲ್ಲಿರಿ, ಮೊದಲು ಇವರನ್ನು ಕೇಳೋಣ’ ಎಂದು ಗಟ್ಟಿಯಾಗಿ ಅಂದಿದ್ದು, ಉಳಿದವರು ಅದಕ್ಕೆ ಕಿವಿಗೊಟ್ಟಿದ್ದರೆ, ಒಂದು ಮನೆಯ ದೀಪವು ಆರುತ್ತಿರಲಿಲ್ಲ. ಅಂತಹ ಒಬ್ಬನು ಪ್ರತಿಯೊಂದು ಊರಿನಲ್ಲಿಯೂ ಇರಲಿ. ಅವನ ಮಾತಿಗೆ ಕಿವಿಗೊಡುವ ತಾಳ್ಮೆಯು ಉಳಿದವರಿಗೆ ಇರಲಿ.