ಗುಂಡಿ ತುಂಬುವ ಮುನ್ನ ಕರಾರು ಇರಲಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ಸಂಘದಲ್ಲಿ ಸಾಲ ತೆಗೆದು, ಸರ್ಕಾರದ ಸಹಾಯಧನ ಪಡೆದು ನಿಮ್ಮಲ್ಲಿ ಬಹಳ ಜನ ಶೌಚಾಲಯ ಕಟ್ಟಿಸಿಕೊಂಡಿದ್ದೀರಿ. ಕತ್ತಲಾಗುವುದನ್ನೇ ಕಾಯುವ ಕಷ್ಟ ತಪ್ಪಿತು. ಈಗ ಒಂದು ಪ್ರಶ್ನೆ: ಸೆಪ್ಟಿಕ್ ಟ್ಯಾಂಕ್ ಇರುವವರು ಅದನ್ನು ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ? "ಇನ್ನೂ ತುಂಬಿಲ್ಲ ಸಿಸ್ಟರ್" ಅಂತೀರಿ. ತುಂಬಿದ್ದು ಹೊರಗಿನಿಂದ ಕಾಣುವುದಿಲ್ಲ.

ಟ್ಯಾಂಕಿನಲ್ಲಿ ಕೆಸರು ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹೋಗುತ್ತದೆ. ಸೂಕ್ಷ್ಮಜೀವಿಗಳು ಕೆಸರನ್ನು ಕರಗಿಸುತ್ತವೆ, ಆದರೆ ಪೂರ್ತಿ ಅಲ್ಲ. ಕೆಸರು ಹೆಚ್ಚಾದರೆ ಅದೂ ನೀರಿನ ಜೊತೆ ಹೊರಟು ಇಂಗುಗುಂಡಿ ಕಟ್ಟಿಕೊಳ್ಳುತ್ತದೆ, ಹತ್ತಿರದ ಬಾವಿ ಕೆಡುತ್ತದೆ. ವಾಂತಿಭೇದಿ, ಕಾಮಾಲೆ ಬರುವ ದಾರಿಗಳಲ್ಲಿ ಇದೂ ಒಂದು. ಆದ್ದರಿಂದ 2-3 ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು.

ಅಪಾರ್ಟ್‌ಮೆಂಟ್, ಹಾಸ್ಟೆಲ್‌ಗಳಲ್ಲಿ ಮೋಟಾರಿನಿಂದ ಗಾಳಿ ಊದುವ ಘಟಕಗಳಿರುತ್ತವೆ. ಗಾಳಿ ನಿಂತರೆ ಅದನ್ನು ನಂಬಿದ ಸೂಕ್ಷ್ಮಜೀವಿಗಳು ಸಾಯುತ್ತವೆ, ಗಬ್ಬು ನಾರುತ್ತದೆ. ಅದಕ್ಕೇ ಅಲ್ಲಿ ವರ್ಷದ ನಿರ್ವಹಣಾ ಕರಾರು ಮಾಡಿಕೊಳ್ಳುತ್ತಾರೆ. ನಮ್ಮ ಟ್ಯಾಂಕಿಗೆ ಮೋಟಾರ್ ಇಲ್ಲ, ಕರಾರು ಮಾತ್ರ ನಮಗೂ ಬೇಕು.

ಯಾಕೆ ಗೊತ್ತೇ? ಉಕ್ಕಿ ಬಂದ ದಿನ ಗಾಬರಿಯಾಗುತ್ತೇವೆ. ಗಾಡಿಯ ಬಾಡಿಗೆ ಜಾಸ್ತಿಯಾಯಿತೆಂದು ಯಾರೋ ಬಡವನನ್ನು ಕರೆದು ಒಳಗೆ ಇಳಿಸುತ್ತೇವೆ. ಒಳಗಿರುವ ವಿಷಗಾಳಿ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಎತ್ತಲು ಇಳಿದವನೂ ಸಾಯುತ್ತಾನೆ. ಸುರಕ್ಷಾ ಸಾಧನವಿಲ್ಲದೆ ಯಾರನ್ನೂ ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. "ಮೇಸ್ತ್ರಿ ಕರೆದುಕೊಂಡು ಬಂದ, ನನಗೇನು ಗೊತ್ತು?" ಅಂದರೆ ನಡೆಯದು; ಬೇರೆಯವರ ಮೂಲಕ ಮಾಡಿಸಿದರೂ ತಪ್ಪೇ. ಒಳಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿತು. ಹಣ ಬರಬಹುದು, ಮಗ ಬರುವುದಿಲ್ಲ.

ಗಾಡಿಯವರ ಜೊತೆ ಬಾಯಿಮಾತು ಬೇಡ. ಒಂದು ಹಾಳೆಯಲ್ಲಿ ಇಷ್ಟು ಬರೆಸಿ, ಸಹಿ ಹಾಕಿಸಿ:

1. ಗಾಡಿಗೆ ಪಂಚಾಯಿತಿ ಅಥವಾ ಪುರಸಭೆಯ ಅನುಮತಿ ಇದೆ.
2. ಕೆಲಸ ಯಂತ್ರದಿಂದಲೇ, ಯಾರೂ ಒಳಗೆ ಇಳಿಯುವುದಿಲ್ಲ.
3. ಕೆಲಸದವರಿಗೆ ಗ್ಲೌಸ್, ಬೂಟು ಕೊಡುತ್ತಾರೆ.
4. ತೆಗೆದದ್ದನ್ನು ಸಂಸ್ಕರಣಾ ಘಟಕಕ್ಕೆ ಒಯ್ಯುತ್ತಾರೆ. ಕೆರೆ, ಹಳ್ಳಕ್ಕೆ ಸುರಿಯುವುದಿಲ್ಲ.
5. ಒಟ್ಟು ದರ, ಈ ಸಲದ ತಾರೀಖು, ಮುಂದಿನ ಸಲದ ವರ್ಷ.

ನಾಲ್ಕನೆಯದು ಆಗದ ಮಾತೇನಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಅಂಥ ಘಟಕ ಶುರುವಾಗಿ, ಆ ಕೆಸರಿನಿಂದ ಗೊಬ್ಬರ ಮಾಡಿ ತೋರಿಸಿದರು. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಪಟ್ಟಣದಲ್ಲಿರುವವರು 14420 ಸಹಾಯವಾಣಿಗೆ ಫೋನ್ ಮಾಡಬಹುದು.

ಹಣದ ಚಿಂತೆಯೇ? ತಿಂಗಳಿಗೆ 100 ರೂಪಾಯಿ ಬೇರೆ ಇಟ್ಟರೆ 3 ವರ್ಷಕ್ಕೆ 3,600 ಆಗುತ್ತದೆ. ಓಣಿಯ ಹತ್ತು ಮನೆಯವರು ಒಂದೇ ದಿನ ಗಾಡಿ ಕರೆಸಿದರೆ ದರ ಚೌಕಾಸಿ ಮಾಡುವ ಶಕ್ತಿಯೂ ಬರುತ್ತದೆ. ಒಬ್ಬಳ ಮಾತಿಗಿಂತ ಸಂಘದ ಮಾತಿಗೆ ತೂಕ ಹೆಚ್ಚು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದರು. ಶುಚಿ ಮಾಡುವ ಕೆಲಸ ಕೀಳಲ್ಲ. ಆ ಕೆಲಸದವನ ಜೀವ ಅಗ್ಗ ಅಂದುಕೊಳ್ಳುವುದೇ ಕೀಳು. ಮುಂದಿನ ವಾರದ ಸಭೆಯಲ್ಲಿ "ನಮ್ಮ ಮನೆಯ ಗುಂಡಿಗೆ ಯಾರನ್ನೂ ಇಳಿಸುವುದಿಲ್ಲ" ಎಂದು ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ.

ದೇವರು ನಿಮ್ಮೆಲ್ಲರಿಗೂ ಒಳ್ಳೆಯದು ಮಾಡಲಿ.