ವೈದ್ಯಸಂಶೋಧಕರ ಶಿಕ್ಷಣ



ರೋಗಿಗೆ ಮದ್ದು ಕೊಡುವುದು ಒಂದು ವಿದ್ಯೆ; ಆ ರೋಗದ ಮೂಲವನ್ನು ಪ್ರಯೋಗದಿಂದ ಶೋಧಿಸುವುದು ಮತ್ತೊಂದು ವಿದ್ಯೆ. ಇವೆರಡನ್ನೂ ಒಬ್ಬನೇ ಸಾಧಿಸಬೇಕಾದರೆ ಅವನಿಗೆ ಇಬ್ಬರು ಗುರುಗಳು ಬೇಕು. ಅದಕ್ಕಿಂತಲೂ ಮಿಗಿಲಾಗಿ ಬಿಡುವು ಬೇಕು.

1910ರಲ್ಲಿ ನ್ಯೂಯಾರ್ಕ್ ನಗರದ ರಾಕ್‌ಫೆಲರ್ ಸಂಶೋಧನಾಲಯವು ತನ್ನದೇ ಆದ ಆಸ್ಪತ್ರೆಯೊಂದನ್ನು ತೆರೆಯಿತು. ಅದರ ಪ್ರಥಮ ನಿರ್ದೇಶಕರಾದ ರೂಫಸ್ ಕೋಲ್ ಎಂಬವರು, ರೋಗಿಗಳನ್ನು ಉಪಚರಿಸುವ ವೈದ್ಯರೇ ಪ್ರಯೋಗಶಾಲೆಯಲ್ಲಿಯೂ ದುಡಿಯತಕ್ಕದ್ದೆಂದು ವಿಧಿಸಿದರು. ಅಲ್ಲಿ ರೋಗಿಗಳಿಂದ ಹಣವನ್ನು ತೆಗೆದುಕೊಳ್ಳುತ್ತಿರಲಿಲ್ಲ. ನ್ಯುಮೋನಿಯಾ ರೋಗಾಣುವನ್ನು ಅಲ್ಲಿ ದಶಕಗಳ ಕಾಲ ಪರಿಶೋಧಿಸಿದುದರ ಫಲವಾಗಿ ಏವರಿ, ಮ್ಯಾಕ್ಲಿಯಾಡ್, ಮೆಕಾರ್ಟಿ ಎಂಬ ಮೂವರು ವೈದ್ಯಪದವೀಧರರು, ಆನುವಂಶಿಕ ಗುಣಗಳನ್ನು ಸಾಗಿಸುವ ವಸ್ತುವು ಡಿ.ಎನ್.ಎ. ಎಂಬುದನ್ನು 1944ರಲ್ಲಿ ತೋರಿಸಿಕೊಟ್ಟರು. ನ್ಯುಮೋನಿಯಾಕ್ಕೆ ಪರಿಹಾರವನ್ನು ಹುಡುಕಹೊರಟ ಮನೆಯಲ್ಲಿ ದೊರೆತ ನಿಧಿಯಿದು!

ಇನ್ನೊಂದು ನಿದರ್ಶನವು ಇನ್ನೂ ಸ್ಫುಟವಾದುದು. 1968ರಲ್ಲಿ ಜೋಸೆಫ್ ಗೋಲ್ಡ್‌ಸ್ಟೈನ್ ಎಂಬ ತರುಣ ವೈದ್ಯರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ಸೇರಿದರು. ಪ್ರಯೋಗಶಾಲೆಯಲ್ಲಿ ಅವರಿಗೆ ಮಾರ್ಷಲ್ ನಿರೆನ್‌ಬರ್ಗರು ಗುರುಗಳಾದರು. ಆಸ್ಪತ್ರೆಯಲ್ಲಿಯಾದರೋ ಅವರು ಕಂಡುದು, ರಕ್ತದಲ್ಲಿ ಕೊಲೆಸ್ಟರಾಲ್ ಮಿತಿಮೀರಿ, ಎಳೆಯ ವಯಸ್ಸಿನಲ್ಲಿಯೇ ಹೃದಯಾಘಾತಕ್ಕೆ ಗುರಿಯಾಗುವ ಮಕ್ಕಳನ್ನು. ಆ ಮಕ್ಕಳ ಮುಖವು ಮರೆಯುವಂತಹುದಾಗಿರಲಿಲ್ಲ. ಮುಂದೆ ಡಲ್ಲಾಸ್ ನಗರದಲ್ಲಿ ಮಿತ್ರರಾದ ಮೈಕೇಲ್ ಬ್ರೌನರೊಡಗೂಡಿ, ರಕ್ತದಿಂದ ಕೊಲೆಸ್ಟರಾಲನ್ನು ಒಳಕ್ಕೆ ಸೆಳೆದುಕೊಳ್ಳುವ ಗ್ರಾಹಕವು ಈ ರೋಗಿಗಳ ಜೀವಕೋಶಗಳಲ್ಲಿ ಕೆಟ್ಟಿರುವುದೆಂದು ಅವರು ಕಂಡುಹಿಡಿದರು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನವು ಸಂದಿತು. ವಿಯೆಟ್ನಾಂ ಯುದ್ಧದ ಆ ವರ್ಷಗಳಲ್ಲಿ ಆ ಸಂಸ್ಥೆಯ ಸೇವೆಯು ಸೈನ್ಯಸೇವೆಗೆ ಸಮವೆಂದು ಎಣಿಸಲ್ಪಡುತ್ತಿದ್ದುದರಿಂದ ಅನೇಕ ಪ್ರತಿಭಾವಂತರು ಅಲ್ಲಿಗೆ ಬಂದರೆಂಬುದನ್ನೂ ಮುಚ್ಚಿಡಬೇಕಾದುದಿಲ್ಲ.

ಯುದ್ಧವು ಮುಗಿಯಿತು. 1979ರಲ್ಲಿ ಜೇಮ್ಸ್ ವಿನ್‌ಗಾರ್ಡನ್ನರು, ರೋಗಿಗಳ ನಡುವೆ ಶೋಧನೆ ನಡೆಯಿಸುವ ವೈದ್ಯರ ಸಂತತಿಯೇ ಅಳಿಯುತ್ತಿದೆಯೆಂದು ಎಚ್ಚರಿಸಿದರು. 1999ರಲ್ಲಿ ಅದೇ ಸಂಸ್ಥೆಯು ಇಂತಹ ತರುಣರಿಗಾಗಿ ವಿಶೇಷ ವೇತನವನ್ನು ಏರ್ಪಡಿಸಿತು. ಇದರಂತೆ ತರುಣ ವೈದ್ಯನು ಅನುಭವಿಯಾದ ಗುರುವಿನ ಬಳಿ ಐದು ವರ್ಷಗಳವರೆಗೆ, ಸಾಮಾನ್ಯವಾಗಿ ತನ್ನ ಕೆಲಸದ ವೇಳೆಯಲ್ಲಿ ಮುಕ್ಕಾಲು ಪಾಲನ್ನು ಸಂಶೋಧನೆಗೂ ಅದರ ಶಿಕ್ಷಣಕ್ಕೂ ಮೀಸಲಿಡತಕ್ಕದ್ದು.

ಈ ನಿಬಂಧನೆಯೇ ಆ ವೇತನದ ಜೀವಾಳ. ಹಣವನ್ನು ಕೊಟ್ಟು ವೇಳೆಯನ್ನು ಕೊಡದಿದ್ದರೆ, ಬಾಗಿಲಲ್ಲಿ ಕಾದಿರುವ ರೋಗಿಯನ್ನು ಬಿಟ್ಟು ಯಾವ ವೈದ್ಯನು ತಾನೆ ಪ್ರಯೋಗಶಾಲೆಗೆ ಹೋದಾನು? ಐದು ವರ್ಷಗಳು ಕಳೆದ ತರುವಾಯದ ಗತಿಯಾದರೋ ಕಠಿನವಾದುದು. ಅಷ್ಟರೊಳಗೆ ಸ್ವತಂತ್ರವಾಗಿ ಧನಸಹಾಯವನ್ನು ಸಂಪಾದಿಸಲಾರದವನಿಗೆ, ಆಸ್ಪತ್ರೆಯ ಹೊರರೋಗಿಗಳ ಕೊಠಡಿಯಲ್ಲಿ ಕುರ್ಚಿಯು ಸಿದ್ಧವಾಗಿಯೇ ಇರುವುದು.