ಮನಶ್ಶಾಸ್ತ್ರಜ್ಞರ ವ್ಯಾಸಂಗವೂ ಸ್ವತಂತ್ರ ವೃತ್ತಿಯೂ



ಹುಬ್ಬಳ್ಳಿಯ ದುರ್ಗದಬೈಲನ್ನು ಅರಿಯದವರಾರು? ಅರಿವೆಯಂಗಡಿ, ಬಳೆಯಂಗಡಿ, ಸಂಜೆಯಾದರೆ ಗಿರಮಿಟ್ಟು ಮಿರ್ಚಿಗಳ ಘಮಲು. ಮಾರುವವರೂ ಕೊಳ್ಳುವವರೂ ಪರಸ್ಪರ ಹೆಸರುಹಿಡಿದು ಬಲ್ಲವರು. ಇಂತಹ ಪೇಟೆಯಲ್ಲಿ ಒಬ್ಬನಿಗೆ ಜ್ವರ ಬಂದರೆ ಹತ್ತು ಜನರು ವಿಚಾರಿಸುವರು. ಅದೇ ಮನುಷ್ಯನು ನಿದ್ರೆಗೆಟ್ಟು, ಮನಸ್ಸು ಕುಸಿದು, ಅಂಗಡಿಯ ಬಾಗಿಲು ತೆರೆಯಲಾರದೆ ಕುಳಿತನೆಂದರೆ ಮನೆಯವರೇ ಅದನ್ನು ಮುಚ್ಚಿಡುವರು. ಈ ಸೀಮೆಯಲ್ಲಿ 'ಧಾರವಾಡಕ್ಕೆ ಕಳುಹಿಸಬೇಕು' ಎಂಬ ಮಾತಿಗೆ ಬೇರೆಯೇ ಅರ್ಥವುಂಟಷ್ಟೆ!

1845ರಲ್ಲಿ ಧಾರವಾಡದಲ್ಲಿ ಹುಚ್ಚರ ಆಸ್ಪತ್ರೆಯೆಂದು ಆರಂಭವಾದ ಸಂಸ್ಥೆಯು ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಹೆಸರು ಬದಲಾದರೂ ಜನರ ಅಂಜಿಕೆ ಬದಲಾಗಲಿಲ್ಲ. ಆ ಹೆಬ್ಬಾಗಿಲಲ್ಲಿ ನೆರೆಯವರ ಕಣ್ಣಿಗೆ ಬೀಳಲೊಲ್ಲದವರು ಪೇಟೆಯ ಮಹಡಿಯ ಮೇಲಿನ ಚಿಕ್ಕ ಕೋಣೆಯೊಂದಕ್ಕೆ ಹೋಗಬಲ್ಲರು. ಮನಶ್ಶಾಸ್ತ್ರಜ್ಞರ ಸ್ವತಂತ್ರ ವೃತ್ತಿಗೆ ನೆಲೆಯೊದಗಿರುವುದು ಬಹುಮಟ್ಟಿಗೆ ಈ ನಾಚಿಕೆಯಿಂದಲೇ.

ಆದರೆ ಆ ಕೋಣೆಯಲ್ಲಿ ಕುಳಿತವರು ಯಾವ ದಾರಿಯಿಂದ ಅಲ್ಲಿಗೆ ಬಂದರು?

ಕನ್ನಡ ನಾಡಿನಲ್ಲಿ ಈ ವಿದ್ಯೆಯ ಪರಂಪರೆ ಹೊಸದಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವು ಎಂ. ವಿ. ಗೋಪಾಲಸ್ವಾಮಿಯವರಿಂದ ನೆಲೆಗೊಂಡಿತು. ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರೂ ಇವರೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ತೊಡಗಿ, ಮರುವರ್ಷವೇ ಮನಶ್ಶಾಸ್ತ್ರದ ಪದವೀಧರರಿಗೆ ರೋಗಿಗಳ ನಡುವೆ ಶಿಕ್ಷಣ ಕೊಡುವ ಕ್ರಮವು ಅಲ್ಲಿ ಮೊದಲಾಯಿತು. ಈ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು.

ಗ್ರಂಥಪಾಠಕ್ಕೂ ರೋಗಿಯ ಮುಂದೆ ಕುಳ್ಳಿರುವುದಕ್ಕೂ ಬಹಳ ಅಂತರವಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಲಕ್ಷಣವನ್ನು ಹೇಳುವಾಗ, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಪೂರ್ಣಕಾಲದ ಎಂ.ಫಿಲ್. ವ್ಯಾಸಂಗವನ್ನೂ, ಹಿರಿಯರ ಕಣ್ಣೆದುರಿನ ರೋಗಿಸೇವೆಯನ್ನೂ ಸೇರಿಸಿದೆ. ಆ ಎರಡು ವರ್ಷಗಳಲ್ಲಿ ಕಲಿಯತಕ್ಕ ಮುಖ್ಯ ವಿದ್ಯೆಯೆಂದರೆ, ತನ್ನ ಮಾತಿನಿಂದ ಗುಣವಾಗದ ಬೇನೆ ಯಾವುದೆಂದು ಗುರುತಿಸುವುದು. ಕೊರಳಲ್ಲಿಯ ಥೈರಾಯ್ಡ್ ಗ್ರಂಥಿಯು ಸೋತರೂ ಮನುಷ್ಯನು ಖಿನ್ನನಾಗುವನು. ಅವನಿಗೆ ರಕ್ತಪರೀಕ್ಷೆಯೂ ಔಷಧವೂ ಬೇಕು. ಬರಿಯ ಸಾಂತ್ವನವನ್ನು ಬಲ್ಲವನು ಅವನನ್ನು ಆರು ತಿಂಗಳು ಮಾತಾಡಿಸುತ್ತ ಕುಳಿತರೆ ಆಗುವ ಹಾನಿಗೆ ಯಾರು ಹೊಣೆ?

ಆಸ್ಪತ್ರೆಯಲ್ಲಾದರೆ ಸಂಶಯ ಬಂದಾಗ ಕೇಳಲು ಪಕ್ಕದ ಕೋಣೆಯಲ್ಲಿ ಮನೋವೈದ್ಯರಿರುವರು. ಸ್ವಂತ ಕೋಣೆಯಲ್ಲಿ ಅಂಥವರಿಲ್ಲ. ಮನಶ್ಶಾಸ್ತ್ರಜ್ಞರು ಔಷಧ ಬರೆಯತಕ್ಕವರೂ ಅಲ್ಲ. (ಪೇಟೆಯ ಬಾಯಲ್ಲಿ ಇಬ್ಬರೂ 'ಹುಚ್ಚಿನ ಡಾಕ್ಟರ'ರೇ!) ಆದಕಾರಣ ಕೆಲವು ವರ್ಷಗಳನ್ನು ಆಸ್ಪತ್ರೆಯಲ್ಲಿ ಸವೆಸಿ, ಯಾವ ರೋಗಿಯನ್ನು ಯಾವ ವೈದ್ಯರಲ್ಲಿಗೆ ಕಳುಹಿಸಬೇಕೆಂಬುದನ್ನು ಕಂಡುಕೊಂಡು ಹೊರಬಂದವರ ಕೋಣೆಯೇ ನಂಬತಕ್ಕದ್ದು. ಪದವಿ ಪಡೆದ ಮರುದಿನವೇ ಬಾಡಿಗೆ ಹಿಡಿದು ಹಲಗೆ ತೂಗಹಾಕುವುದು ಧೈರ್ಯವೆನಿಸಲಾರದು.

1992ರ ಕಾಯಿದೆಯಿಂದ ನೆಲೆಗೊಂಡ ಭಾರತೀಯ ಪುನರ್ವಸತಿ ಪರಿಷತ್ತು ಇಂತಹ ಶಿಕ್ಷಿತರ ಹೆಸರುಗಳನ್ನು ದಾಖಲಿಸುತ್ತ ಬಂದಿದೆ. ಮಗನನ್ನೋ ಸೊಸೆಯನ್ನೋ ಕರೆದುಕೊಂಡು ಮೆಟ್ಟಿಲೇರಿದವರು, 'ತಾವು ಎಲ್ಲಿ ಕಲಿತಿರಿ? ಯಾವ ಆಸ್ಪತ್ರೆಯಲ್ಲಿದ್ದಿರಿ? ದಾಖಲೆಯಲ್ಲಿ ಹೆಸರಿದೆಯೇ?' ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ಬಲ್ಲವರು ಇದಕ್ಕೆ ಸಿಟ್ಟಾಗರು. ಪ್ರಮಾಣಪತ್ರವನ್ನು ತೋರಿಸಿ, ಬಾಗಿಲು ಮುಚ್ಚಿ, ಕುಳ್ಳಿರಿ ಎನ್ನುವರು.